ಬಂಧಿತರ ದಿನ ಎಣಿಸುವವರು ಯಾರು?

ಯಾರನ್ನೋ ಪೊಲೀಸರು ಬಂಧಿಸಿದರೆಂದು ಪತ್ರಿಕೆಯಲ್ಲಿ ಓದುತ್ತೇವೆ. ವರ್ಷಗಳು ಕಳೆದ ಮೇಲೆ ಆತನಿಗೆ ಶಿಕ್ಷೆಯಾಯಿತೆಂದೋ ಖುಲಾಸೆಯಾಯಿತೆಂದೋ ಇನ್ನೊಂದು ಸಣ್ಣ ಸುದ್ದಿ ಬರುತ್ತದೆ. ಇವೆರಡರ ನಡುವಿನ ಕಾಲವನ್ನು ಆತ ಎಲ್ಲಿ ಕಳೆದ, ವಕೀಲರು ಸಿಕ್ಕರೇ, ನ್ಯಾಯಾಧೀಶರ ಮುಂದೆ ಎಷ್ಟು ಸಲ ನಿಂತ ಎಂಬುದು ಹೊರಗಿನವರಿಗೆ ಕಾಣುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಕೊಟ್ಟ ಲೆಕ್ಕದಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಮಂದಿ ಇದ್ದರು. ಅವರಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು, ಅಂದರೆ ವಿಚಾರಣೆ ಇನ್ನೂ ಮುಗಿಯದವರು. ಜೈಲಿನಲ್ಲಿದ್ದ ಪ್ರತಿ ನಾಲ್ವರಲ್ಲಿ ಮೂವರ ಮೇಲಿನ ಆರೋಪ ಸಾಬೀತಾಗಿರಲಿಲ್ಲ. ನೂರು ಜನರಿಗೆಂದು ಕಟ್ಟಿದ ಜಾಗದಲ್ಲಿ ಸರಾಸರಿ 131 ಜನರಿದ್ದರು.

ಇಷ್ಟು ಜನರ ಹಕ್ಕುಗಳನ್ನು ಕಾಯಲು ಕಾನೂನು ಇಲ್ಲವೇ ಎಂದು ಯಾರಾದರೂ ಕೇಳಬಹುದು. ಕಾನೂನು ಇದೆ, ಸಾಕಷ್ಟು ವಿವರವಾಗಿಯೇ ಇದೆ. ಸಂವಿಧಾನದ 22ನೇ ವಿಧಿಯ ಪ್ರಕಾರ, ಸಾಮಾನ್ಯ ಅಪರಾಧದ ಆರೋಪದಲ್ಲಿ ಬಂಧಿತನಾದವನಿಗೆ ಬಂಧನದ ಕಾರಣ ತಿಳಿಸಬೇಕು, ತನಗೆ ಬೇಕಾದ ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಈ ರಕ್ಷಣೆಗಳನ್ನು ಉಳಿಸಿಕೊಂಡಿದೆ. ಹಾಗಿದ್ದರೆ ತೊಡಕು ಎಲ್ಲಿದೆ? ಅದನ್ನು ತಿಳಿಯಲು ಈ ಹಕ್ಕುಗಳು ದಿನನಿತ್ಯ ಹೇಗೆ ಕೆಲಸ ಮಾಡುತ್ತವೆಂದು ಸ್ವಲ್ಪ ಹತ್ತಿರದಿಂದ ನೋಡಬೇಕು.

ಮೊದಲಿಗೆ ಆರೋಪಪಟ್ಟಿಯ ಗಡುವು. ಒಬ್ಬನನ್ನು ಬಂಧಿಸಿದ ಮೇಲೆ ಪೊಲೀಸರು ತನಿಖೆ ಮುಗಿಸಿ ನ್ಯಾಯಾಲಯಕ್ಕೆ ಆರೋಪಪಟ್ಟಿ, ಅಂದರೆ ಚಾರ್ಜ್‌ಶೀಟ್ ಸಲ್ಲಿಸಬೇಕು. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಸಜೆಯ ಅಪರಾಧಗಳಿಗೆ 90 ದಿನ, ಉಳಿದವಕ್ಕೆ 60 ದಿನ ಕಾಲಾವಕಾಶ. ಅಷ್ಟರೊಳಗೆ ಸಲ್ಲಿಸದಿದ್ದರೆ ಬಂಧಿತನಿಗೆ ಜಾಮೀನು ಪಡೆಯುವ ಹಕ್ಕು ಹುಟ್ಟುತ್ತದೆ. ಅದನ್ನು ಕೊಡುವುದೂ ಬಿಡುವುದೂ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದಲ್ಲ, ಕೇಳಿದರೆ ಕೊಡಲೇಬೇಕು. ಆದರೆ ಕೇಳಬೇಕು. 61ನೇ ದಿನ ಯಾರೂ ಅರ್ಜಿ ಹಾಕದೆ 65ನೇ ದಿನ ಪೊಲೀಸರು ಆರೋಪಪಟ್ಟಿ ಸಲ್ಲಿಸಿಬಿಟ್ಟರೆ ಆ ಹಕ್ಕು ಅಲ್ಲಿಗೇ ಮುಗಿಯಿತು. ವಕೀಲರಿರುವವನಿಗೆ ಅದು ತಪ್ಪುವುದಿಲ್ಲ. ವಕೀಲರಿಲ್ಲದವನಿಗೆ ಅಂಥದೊಂದು ಹಕ್ಕು ಬಂದು ಹೋದದ್ದೇ ತಿಳಿಯುವುದಿಲ್ಲ.

ಎರಡನೆಯದು, ವಿಚಾರಣೆ ಎಳೆದಾಡಿದಾಗ ಸಿಗಬೇಕಾದ ಬಿಡುಗಡೆ. ಒಂದು ಅಪರಾಧಕ್ಕೆ ವಿಧಿಸಬಹುದಾದ ಗರಿಷ್ಠ ಸಜೆಯ ಅರ್ಧದಷ್ಟು ಕಾಲವನ್ನು ವಿಚಾರಣಾಧೀನನಾಗಿಯೇ ಕಳೆದವನನ್ನು ಜಾಮೀನಿನ ಮೇಲೆ ಬಿಡಬೇಕೆಂಬ ನಿಯಮ 2005ರ ತಿದ್ದುಪಡಿಯಿಂದ ಬಂತು. ಹೊಸ ಸಂಹಿತೆಯ 479ನೇ ಕಲಂ ಇದನ್ನು ಇನ್ನಷ್ಟು ಸಡಿಲಿಸಿ, ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆಯಾಗದವನಿಗೆ ಮೂರನೇ ಒಂದು ಭಾಗ ಸಾಕು ಎಂದಿದೆ. ಸಾಮಾನ್ಯ ಕಳ್ಳತನಕ್ಕೆ ಗರಿಷ್ಠ ಮೂರು ವರ್ಷ ಸಜೆ. ಆ ಆರೋಪದಲ್ಲಿ ಮೊದಲ ಸಲ ಸಿಕ್ಕಿಬಿದ್ದವನು ಒಂದು ವರ್ಷ ಒಳಗಿದ್ದರೆ ಬಿಡುಗಡೆಗೆ ಅರ್ಹ. ಅಂಥವರ ಬಗ್ಗೆ ನ್ಯಾಯಾಲಯಕ್ಕೆ ಲಿಖಿತ ಅರ್ಜಿ ಸಲ್ಲಿಸುವ ಹೊಣೆಯನ್ನು ಕಾನೂನು ಜೈಲು ಸೂಪರಿಂಟೆಂಡೆಂಟರ ಮೇಲೇ ಹೊರಿಸಿದೆ. ಮರಣದಂಡನೆ ಅಥವಾ ಜೀವಾವಧಿ ವಿಧಿಸಬಹುದಾದ ಪ್ರಕರಣಗಳು ಇದರ ಹೊರಗೆ. ಒಬ್ಬನ ಮೇಲೆ ಒಂದಕ್ಕಿಂತ ಹೆಚ್ಚು ಅಪರಾಧಗಳ ಅಥವಾ ಪ್ರಕರಣಗಳ ತನಿಖೆ, ವಿಚಾರಣೆ ಬಾಕಿಯಿದ್ದರೂ ಇದು ಅನ್ವಯಿಸದು. ಈ ಕೊನೆಯ ಷರತ್ತು ಸಣ್ಣದಾಗಿ ಕಂಡರೂ ಬಹಳ ಬಡವರನ್ನು ಹೊರಗಿಡುತ್ತದೆ. ಒಂದೇ ಘಟನೆಗೆ ಮೂರು ನಾಲ್ಕು ಕಲಂ ಹಾಕುವುದು ನಮ್ಮ ಠಾಣೆಗಳಲ್ಲಿ ಸಾಮಾನ್ಯ.

ಇನ್ನು ಜಾಮೀನು ಸಿಕ್ಕಿಯೂ ಹೊರಬರದವರು. ನ್ಯಾಯಾಧೀಶರು ಜಾಮೀನು ಮಂಜೂರು ಮಾಡಿ, ಇಷ್ಟು ಮೊತ್ತದ ಬಾಂಡ್, ಒಬ್ಬ ಶ್ಯೂರಿಟಿ ಎಂದು ಬರೆಯುತ್ತಾರೆ. ಶ್ಯೂರಿಟಿ ನಿಲ್ಲುವವರು ತಮಗೆ ಆಸ್ತಿಯಿದೆಯೆಂದು ತೋರಿಸಬೇಕು. ನಮ್ಮಲ್ಲಿ ಅದಕ್ಕೆ ಪಹಣಿ ಕೇಳುತ್ತಾರೆ. ಬೆಂಗಳೂರಿನ ಕಟ್ಟಡದಲ್ಲಿ ಕೂಲಿ ಮಾಡುವ ಬಿಹಾರದವನಿಗೆ, ಪಣಜಿಯಲ್ಲೋ ಮುಂಬೈಯಲ್ಲೋ ದುಡಿಯುವ ವಿಜಯಪುರದವನಿಗೆ ಆ ಊರಲ್ಲಿ ಪಹಣಿ ತೋರಿಸಿ ಹೊಣೆ ನಿಲ್ಲುವವರು ಯಾರು ಸಿಗುತ್ತಾರೆ? 1978ರಲ್ಲಿ ಮೋತಿ ರಾಮ್ ಎಂಬ ಗಾರೆ ಕೆಲಸದವರ ಪ್ರಕರಣದಲ್ಲಿ ಇದೇ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಅವರ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಮ್ಯಾಜಿಸ್ಟ್ರೇಟರು ಶ್ಯೂರಿಟಿಯನ್ನು ಒಪ್ಪಿರಲಿಲ್ಲ, 10,000 ರೂಪಾಯಿಯ ಜಾಮೀನು ಕೇಳಿದ್ದರು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ಆದೇಶವನ್ನು ಕಟುವಾಗಿ ಟೀಕಿಸಿದರು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಕಟ್ಟಳೆ ಮಾಡಿತು. ಜಾಮೀನು ಆದೇಶದ ಪ್ರತಿ ಅಂದೇ ಅಥವಾ ಮಾರನೆಯ ದಿನ ಇ-ಮೇಲಿನಲ್ಲಿ ಜೈಲಿಗೆ ತಲುಪಬೇಕು. ಏಳು ದಿನವಾದರೂ ಕೈದಿ ಹೊರಹೋಗದಿದ್ದರೆ ಸೂಪರಿಂಟೆಂಡೆಂಟರು, ಬಡವರಿಗೆ ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಅದೇ ವರ್ಷ, ಹಣವಿಲ್ಲದೆ ಒಳಗುಳಿದ ವಿಚಾರಣಾಧೀನರಿಗೆ 40,000 ರೂಪಾಯಿವರೆಗೆ ನೆರವು ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ ತಂದಿತು.

ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಯಾರಾದರೊಬ್ಬರು ದಿನ ಎಣಿಸುತ್ತಿದ್ದರೆ ಮಾತ್ರ ಈ ಹಕ್ಕುಗಳು ಕೈಗೆ ಸಿಗುತ್ತವೆ. ಬಂಧಿಸಿದ ಗಳಿಗೆ ಗೊತ್ತಿರುವುದು ಠಾಣೆಗೆ. ಯಾವ ಕಲಂ, ಮುಂದಿನ ತಾರೀಖು ಯಾವುದು ಎಂಬುದು ನ್ಯಾಯಾಲಯದ ಆರ್ಡರ್ ಶೀಟಿನಲ್ಲಿರುತ್ತದೆ. ಎಷ್ಟು ದಿನ ಒಳಗಿದ್ದಾನೆಂಬುದು ಜೈಲಿನ ರಿಜಿಸ್ಟರಿನಲ್ಲಿರುತ್ತದೆ. ಮೂರು ಕಚೇರಿಗಳೂ ತಮ್ಮ ಪಾಲಿನ ಕಾಗದವನ್ನು ಸರಿಯಾಗಿಟ್ಟಿದ್ದರೂ ಮೂರನ್ನೂ ಜೋಡಿಸಿ ಓದುವವರಿಲ್ಲದಿದ್ದರೆ ಮನುಷ್ಯ ಒಳಗೇ ಉಳಿದುಬಿಡುತ್ತಾನೆ. ಯಾರ ದ್ವೇಷವೂ ಇದಕ್ಕೆ ಬೇಕಿಲ್ಲ. ನಾಗರಿಕ ಸಂಘಟನೆಗಳು, ವಕೀಲರು, ಪತ್ರಕರ್ತರು, ಸಮಾಜಸೇವಕರು ಮಾಡುವ ಮೇಲುಸ್ತುವಾರಿ ಎಂದರೆ ಮುಖ್ಯವಾಗಿ ಈ ಜೋಡಿಸಿ ಓದುವ ಕೆಲಸ.

ಭಾರತದಲ್ಲಿ ಇದರ ಮಹತ್ವ ಎಲ್ಲರಿಗೂ ಮನವರಿಕೆಯಾದದ್ದು 1979ರಲ್ಲಿ. ಗಡಿ ಭದ್ರತಾ ಪಡೆಯನ್ನು ಕಟ್ಟಿದ ಹಿರಿಯ ಪೊಲೀಸ್ ಅಧಿಕಾರಿ ಕೆ.ಎಫ್. ರುಸ್ತಮ್‌ಜಿ ಆಗ ರಾಷ್ಟ್ರೀಯ ಪೊಲೀಸ್ ಆಯೋಗದ ಸದಸ್ಯರಾಗಿದ್ದರು. ಬಿಹಾರದ ಜೈಲುಗಳಲ್ಲಿ ವಿಚಾರಣೆಯಿಲ್ಲದೆ ವರ್ಷಗಟ್ಟಲೆ ಕೊಳೆಯುತ್ತಿದ್ದವರ ಬಗ್ಗೆ ಅವರು ‘ಇಂಡಿಯನ್ ಎಕ್ಸ್‌ಪ್ರೆಸ್’ನಲ್ಲಿ ಬರೆದರು. ಅದನ್ನೋದಿದ ವಕೀಲೆ ಕಪಿಲಾ ಹಿಂಗೋರಾಣಿ ಸುಪ್ರೀಂ ಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಬಂಧಿತರನ್ನು ನ್ಯಾಯಾಲಯದ ಮುಂದೆ ತಂದು ಬಂಧನದ ಕಾರಣ ತೋರಿಸಿ ಎಂದು ಕೇಳುವ ಅರ್ಜಿಯದು. ಹುಸೇನಾರಾ ಖಾತೂನ್ ಪ್ರಕರಣವೆಂದು ಹೆಸರಾದ ಆ ವಿಚಾರಣೆಯಲ್ಲಿ ಬಯಲಾದದ್ದು ದಿಗಿಲು ಹುಟ್ಟಿಸುವಂತಿತ್ತು. ತಮ್ಮ ಅಪರಾಧಕ್ಕೆ ಇರುವ ಗರಿಷ್ಠ ಸಜೆಗಿಂತ ಹೆಚ್ಚು ಕಾಲವನ್ನು ಕೆಲವರು ವಿಚಾರಣೆಯೇ ಆರಂಭವಾಗದೆ ಕಳೆದಿದ್ದರು. ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ, ಶೀಘ್ರ ವಿಚಾರಣೆ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಅಡಗಿದೆ, ಬಡವನಿಗೆ ಉಚಿತ ವಕೀಲರನ್ನು ಕೊಡುವುದು ಸರ್ಕಾರದ ಕರ್ತವ್ಯ ಎಂದು ಹೇಳಿತು. ಪ್ರಕರಣವನ್ನು ಬೆಳಕಿಗೆ ತಂದವರು ವ್ಯವಸ್ಥೆಯ ವಿರೋಧಿಯೇನಲ್ಲ, ಜೀವಮಾನವಿಡೀ ಖಾಕಿ ತೊಟ್ಟವರು ಎಂಬುದನ್ನು ನಾನು ಬೇಕೆಂದೇ ನೆನಪಿಸುತ್ತೇನೆ. ಇಂಥ ಕೆಲಸವನ್ನು ಪೊಲೀಸರ ಮೇಲಿನ ಹಗೆತನವೆಂದು ಕಾಣುವವರು ಇಂದೂ ಇದ್ದಾರೆ.

ಅದೇ ರೀತಿಯದು ಡಿ.ಕೆ. ಬಸು ಪ್ರಕರಣ. ಪಶ್ಚಿಮ ಬಂಗಾಳದಲ್ಲಿ ಉಚಿತ ಕಾನೂನು ನೆರವಿನ ಸಂಸ್ಥೆಯೊಂದನ್ನು ನಡೆಸುತ್ತಿದ್ದ ಬಸು, ಲಾಕಪ್ ಸಾವುಗಳ ಪತ್ರಿಕಾ ವರದಿಗಳನ್ನು ಕತ್ತರಿಸಿ, 1986ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಒಂದು ಪತ್ರದ ಜೊತೆ ಕಳುಹಿಸಿದರು. ಪತ್ರವನ್ನೇ ರಿಟ್ ಅರ್ಜಿಯೆಂದು ಸ್ವೀಕರಿಸಿದ ನ್ಯಾಯಾಲಯ ತೀರ್ಪು ಕೊಟ್ಟದ್ದು ಹತ್ತು ವರ್ಷದ ಮೇಲೆ, 1996ರ ಡಿಸೆಂಬರ್ 18ರಂದು. ಬಂಧಿಸುವ ಪೊಲೀಸರು ಹೆಸರುಪಟ್ಟಿ ಧರಿಸಿರಬೇಕು, ಬಂಧನದ ಟಿಪ್ಪಣಿಗೆ ಕುಟುಂಬದ ಅಥವಾ ಊರಿನ ಒಬ್ಬ ಸಾಕ್ಷಿಯ ಸಹಿ ಇರಬೇಕು, ಬಂಧುವಿಗೋ ಸ್ನೇಹಿತನಿಗೋ ಸುದ್ದಿ ಮುಟ್ಟಿಸಬೇಕು, ವಶದಲ್ಲಿರುವಾಗ 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆ ಮಾಡಿಸಬೇಕು ಎಂಬ ಸೂಚನೆಗಳು ಅಲ್ಲಿಂದ ಬಂದವು. ಇವುಗಳಲ್ಲಿ ಹಲವು ಈಗ ಶಾಸನದಲ್ಲೇ ಸೇರಿವೆ.

ಹೊರಗಿನವರನ್ನು ಒಳಗೆ ಬಿಡುವ ವಿಷಯ ಮಾತ್ರ ಇಷ್ಟು ಸಲೀಸಾಗಿ ಬಗೆಹರಿದಿಲ್ಲ. 1982ರಲ್ಲಿ ಪತ್ರಕರ್ತೆ ಶೀಲಾ ಬರ್ಸೆ ಅನುಮತಿ ಪಡೆದು ಬಾಂಬೆ ಕೇಂದ್ರ ಕಾರಾಗೃಹದಲ್ಲಿ 15 ಮಹಿಳಾ ಕೈದಿಗಳನ್ನು ಮಾತಾಡಿಸಿದರು. ಪೊಲೀಸ್ ಲಾಕಪ್ಪಿನಲ್ಲಿ ತಮಗೆ ಹೊಡೆದರೆಂದು ಅವರಲ್ಲಿ ಐವರು ಹೇಳಿದರು. ಬರ್ಸೆ ಬರೆದ ಪತ್ರದ ಮೇಲೆ ಸುಪ್ರೀಂ ಕೋರ್ಟ್ ಸಮಾಜಕಾರ್ಯ ಕಾಲೇಜೊಂದರ ಮುಖ್ಯಸ್ಥೆಯನ್ನು ಜೈಲಿಗೆ ಕಳುಹಿಸಿ ವರದಿ ತರಿಸಿಕೊಂಡಿತು. ಮಹಿಳೆಯರಿಗೆ ಪ್ರತ್ಯೇಕ ಲಾಕಪ್, ಮಹಿಳಾ ಪೊಲೀಸರ ಎದುರಲ್ಲೇ ವಿಚಾರಣೆ ಮುಂತಾದ ನಿರ್ದೇಶನಗಳು 1983ರಲ್ಲಿ ಬಂದವು. ಬಳಿಕ ಜೈಲಿನೊಳಗೆ ಸಂದರ್ಶನ ಮಾಡಲು ಬರ್ಸೆಗಿದ್ದ ಅನುಮತಿಯನ್ನೇ ಅಧಿಕಾರಿಗಳು ಹಿಂಪಡೆದರು. 1987ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಜೈಲಿನ ಸ್ಥಿತಿಯನ್ನು ತಿಳಿಯುವ ಆಸಕ್ತಿ ನಾಗರಿಕರಿಗಿರುವುದು ಸರಿ, ಆದರೆ ಪ್ರವೇಶ ಕಟ್ಟುಪಾಡಿಲ್ಲದ್ದಾಗಿರಲು ಸಾಧ್ಯವಿಲ್ಲ ಎಂದಿತು. ಬಾಗಿಲು ತೆರೆಯುವ ಅಧಿಕಾರ ಯಾರನ್ನು ಪರಿಶೀಲಿಸಬೇಕೋ ಅವರ ಕೈಯಲ್ಲೇ ಉಳಿಯಿತು. ಈ ಕ್ಷೇತ್ರದ ಮೂಲ ಕಷ್ಟ ಇದೇ.

ಜೈಲಿಗೆ ಹೋಲಿಸಿದರೆ ನ್ಯಾಯಾಲಯದ ಬಾಗಿಲು ತೆರೆದಿದೆ. ಕ್ರಿಮಿನಲ್ ವಿಚಾರಣೆ ನಡೆಯುವ ಸ್ಥಳ ತೆರೆದ ನ್ಯಾಯಾಲಯವೆಂದೇ ಕಾನೂನು ಹೇಳುತ್ತದೆ. ಅತ್ಯಾಚಾರದಂಥ ಪ್ರಕರಣಗಳನ್ನು ಬಿಟ್ಟರೆ, ಜಾಗವಿದ್ದಷ್ಟು ಮಂದಿ ಯಾರು ಬೇಕಾದರೂ ಹೋಗಿ ಕೂರಬಹುದು. ಇದನ್ನು ನೆಚ್ಚಿಕೊಂಡು ಬೆಳೆದ ಕ್ರಮವೇ ವಿಚಾರಣಾ ವೀಕ್ಷಣೆ. 1961ರಲ್ಲಿ ಶುರುವಾದ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ತನ್ನ ಮೊದಲ ವರ್ಷಗಳಲ್ಲೇ ಬೇರೆ ಬೇರೆ ದೇಶಗಳಿಗೆ ವೀಕ್ಷಕರನ್ನು ಕಳುಹಿಸಿತ್ತು. ಯುರೋಪಿನ ಭದ್ರತೆ ಮತ್ತು ಸಹಕಾರ ಸಂಘಟನೆ ಇದಕ್ಕಾಗಿ ಕೈಪಿಡಿಯನ್ನೇ ಸಿದ್ಧಪಡಿಸಿದೆ.

ವೀಕ್ಷಕರಿಗೆ ಒಂದು ಕಟ್ಟುನಿಟ್ಟಾದ ನಿಯಮವಿದೆ. ಆರೋಪಿ ತಪ್ಪು ಮಾಡಿದ್ದಾನೋ ಇಲ್ಲವೋ ಎಂಬ ಬಗ್ಗೆ ಅವರು ತುಟಿ ಬಿಚ್ಚುವಂತಿಲ್ಲ, ನ್ಯಾಯಾಧೀಶರ ಜೊತೆ ಪ್ರಕರಣದ ಕುರಿತು ಮಾತಾಡುವಂತಿಲ್ಲ, ಕಲಾಪದಲ್ಲಿ ಯಾವ ರೀತಿಯಲ್ಲೂ ಕೈಹಾಕುವಂತಿಲ್ಲ. ಸುಮ್ಮನೆ ಕುಳಿತು ಬರೆದುಕೊಳ್ಳಬೇಕು. ಆರೋಪಿಯನ್ನು ಖುದ್ದಾಗಿ ಕರೆತಂದರೇ, ವಿಡಿಯೊದಲ್ಲಿ ತೋರಿಸಿದರೇ? ವಕೀಲರು ಅಂದೇ ಮೊದಲ ಬಾರಿ ಅವನನ್ನು ಕಂಡರೇ? ಕಲಾಪದ ಭಾಷೆ ಅವನಿಗೆ ಅರ್ಥವಾಗುತ್ತಿತ್ತೇ? ‘ಮೈಮೇಲೆ ಗಾಯ ಇದೆಯಾ, ಯಾರಾದರೂ ಹೊಡೆದರಾ’ ಎಂದು ಮ್ಯಾಜಿಸ್ಟ್ರೇಟರು ಕೇಳಿದರೇ, ಕೇಳಿದಾಗ ಕರೆತಂದ ಪೊಲೀಸರು ಎಷ್ಟು ಹತ್ತಿರ ನಿಂತಿದ್ದರು? ಸಾಕ್ಷಿ ಬರಲಿಲ್ಲವೆಂದು ಎಷ್ಟನೆಯ ಸಲ ಮುಂದೂಡಿದರು? ಒಂದು ದಿನದ ಇಂಥ ಟಿಪ್ಪಣಿಗೆ ಹೆಚ್ಚು ಬೆಲೆಯಿಲ್ಲ. ಒಂದೇ ನ್ಯಾಯಾಲಯದ ನೂರಾರು ದಿನಗಳ ಟಿಪ್ಪಣಿ ಒಟ್ಟಾದಾಗ, ಬಿಡಿ ಪ್ರಕರಣದಲ್ಲಿ ಆಕಸ್ಮಿಕವೆಂದು ಕಂಡದ್ದು ರೂಢಿಯೆಂದು ಗೊತ್ತಾಗುತ್ತದೆ. ಕರ್ನಾಟಕ ಹೈಕೋರ್ಟಿನ ಕಲಾಪವನ್ನು ಇಂದು ಫೋನಿನಲ್ಲೇ ನೇರವಾಗಿ ನೋಡಬಹುದು. ಬಂಧಿತನ ಹಣೆಬರಹ ಹೆಚ್ಚಾಗಿ ನಿರ್ಧಾರವಾಗುವುದು ತಾಲ್ಲೂಕಿನ ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ರಿಮ್ಯಾಂಡ್ ವೇಳೆಯಲ್ಲಿ, ಅಂದರೆ ಅವನನ್ನು ಪೊಲೀಸ್ ವಶಕ್ಕೋ ಜೈಲಿಗೋ ಒಪ್ಪಿಸುವ ಕೆಲವು ನಿಮಿಷಗಳಲ್ಲಿ. ಅಲ್ಲಿ ನೋಡುವವರು ಬಹಳ ಕಡಿಮೆ.

ಭಾಷೆಯ ವಿಷಯ ಈಚೆಗೆ ಕಾನೂನಿನ ಮಾತೂ ಆಗಿದೆ. ಬಂಧನದ ಕಾರಣಗಳನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ, ಬರಹದಲ್ಲೇ ಕೊಡಬೇಕೆಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದು ಪಾಲನೆಯಾಗುತ್ತಿದೆಯೇ ಎಂದು ತಿಳಿಯಲು ಸುಲಭ ದಾರಿ, ಒಡಿಯಾ ಅಥವಾ ಅಸ್ಸಾಮಿ ಮಾತ್ರ ಬಲ್ಲ ಕಾರ್ಮಿಕನ ಕೈಯಲ್ಲಿರುವ ಕಾಗದವನ್ನು ನೋಡುವುದು. ನೋಡಲು ಯಾರಾದರೂ ಹೋಗಬೇಕು, ಅಷ್ಟೇ.

ಜೈಲಿನೊಳಗೆ ಕಾನೂನುಬದ್ಧವಾಗಿ ಹೋಗಬಲ್ಲ ಹೊರಗಿನವರೂ ಇದ್ದಾರೆ. ಅವರನ್ನು ಅಧಿಕಾರೇತರ ಸಂದರ್ಶಕರು ಎನ್ನುತ್ತಾರೆ. ಸರ್ಕಾರದ ನೌಕರರಲ್ಲದ, ಜೈಲಿಗೆ ಭೇಟಿ ಕೊಟ್ಟು ಪರಿಶೀಲಿಸಲು ಸರ್ಕಾರವೇ ನೇಮಿಸಿದ ನಾಗರಿಕರು. 1894ರ ಜೈಲು ಕಾಯ್ದೆಯಲ್ಲೇ ಸಂದರ್ಶಕರ ನೇಮಕಕ್ಕೆ ಅವಕಾಶವಿತ್ತು. 2016ರ ಮಾದರಿ ಕಾರಾಗೃಹ ಕೈಪಿಡಿಯಂತೆ ಅವರು ನ್ಯಾಯಾಧೀಶರು ಮತ್ತು ಅಧಿಕಾರಿಗಳೊಂದಿಗೆ ಸಂದರ್ಶಕರ ಮಂಡಳಿಯಲ್ಲಿರುತ್ತಾರೆ. ಅಡುಗೆಮನೆ, ಆಸ್ಪತ್ರೆ, ಶೌಚಾಲಯ ನೋಡಬಹುದು, ಕೈದಿಗಳ ಜೊತೆ ಮಾತಾಡಬಹುದು, ಕಂಡದ್ದನ್ನು ಸಂದರ್ಶಕರ ಪುಸ್ತಕದಲ್ಲಿ ಬರೆಯಬಹುದು. 2015ರ ಜುಲೈನಲ್ಲಿ ಡಿ.ಕೆ. ಬಸು ಪ್ರಕರಣದ ಮುಂದುವರಿದ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್ ಇಂಥವರನ್ನು ನೇಮಿಸುವುದನ್ನು ಪರಿಗಣಿಸಿ ಎಂದು ರಾಜ್ಯಗಳಿಗೆ ಸೂಚಿಸಿತು. ಸೂಚಿಸಬೇಕಾಗಿ ಬಂದದ್ದೇ ಆ ಸ್ಥಾನಗಳು ಎಷ್ಟು ಕಡೆ ಖಾಲಿ ಬಿದ್ದಿದ್ದವೆಂಬುದಕ್ಕೆ ಸಾಕ್ಷಿ. ನೇಮಕವಾದ ಕಡೆಯೂ ಭೇಟಿಯ ದಿನ ಮೊದಲೇ ಗೊತ್ತಾದರೆ ಆ ದಿನದ ಸಾರು ಗಟ್ಟಿಯಾಗಿರುತ್ತದೆ, ಅಷ್ಟೇ ತಿಳಿಯುತ್ತದೆ.

ಬ್ರಿಟನ್ನಿನಲ್ಲಿ ಈ ಕೆಲಸವನ್ನು ಬೇರೆ ರೀತಿ ರೂಪಿಸಿದರು. 1981ರ ಬ್ರಿಕ್ಸ್‌ಟನ್ ಗಲಭೆಯ ತನಿಖೆ ನಡೆಸಿದ ಲಾರ್ಡ್ ಸ್ಕಾರ್ಮನ್, ಪೊಲೀಸ್ ಲಾಕಪ್ಪುಗಳಿಗೆ ಸಾಮಾನ್ಯ ನಾಗರಿಕರು ಹಠಾತ್ತನೆ ಭೇಟಿ ಕೊಡುವ ವ್ಯವಸ್ಥೆ ಬೇಕೆಂದರು. 2002ರ ಕಾನೂನು ಅದನ್ನು ಕಡ್ಡಾಯ ಮಾಡಿತು. ಅಲ್ಲಿನ ಸ್ವಯಂಸೇವಕರು ಇಬ್ಬಿಬ್ಬರಾಗಿ, ಯಾವ ಹೊತ್ತಿನಲ್ಲಾದರೂ, ಮೊದಲೇ ಹೇಳದೆ ಠಾಣೆಗೆ ಹೋಗುತ್ತಾರೆ. ಕಾನೂನು ಓದಿದವರೇ ಆಗಿರಬೇಕೆಂದಿಲ್ಲ. ಊಟ ಕೊಟ್ಟರೇ, ನಿದ್ದೆಗೆ ಬಿಟ್ಟರೇ, ಹಕ್ಕುಗಳನ್ನು ತಿಳಿಸಿದರೇ ಎಂದು ಬಂಧಿತನನ್ನು ಕೇಳಿ ಬರೆದುಕೊಳ್ಳುತ್ತಾರೆ. ಪ್ರಕರಣದ ಬಗ್ಗೆ ಮಾತ್ರ ಏನನ್ನೂ ಕೇಳುವುದಿಲ್ಲ.

ನೋಡುವ ಕಣ್ಣಿಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ನಾವು ದೂರ ಹೋಗಬೇಕಿಲ್ಲ. ಕಾಡುಗಳ್ಳ ವೀರಪ್ಪನ್ ಬೇಟೆಗೆಂದು 1993ರಲ್ಲಿ ಕರ್ನಾಟಕ ಮತ್ತು ತಮಿಳುನಾಡಿನ ಜಂಟಿ ವಿಶೇಷ ಕಾರ್ಯಪಡೆ ಕಾಡಂಚಿನ ಊರುಗಳಲ್ಲಿ ಕಾರ್ಯಾಚರಣೆಗಿಳಿಯಿತು. ನೂರಕ್ಕೂ ಹೆಚ್ಚು ಗ್ರಾಮಸ್ಥರ ಮೇಲೆ ಭಯೋತ್ಪಾದನೆ ತಡೆಯುವ ಟಾಡಾ ಕಾಯ್ದೆ ಹಾಕಿ ಮೈಸೂರು ಜೈಲಿನಲ್ಲಿಟ್ಟರು. ಹಿರಿಯ ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನೂ ಸಾಕ್ಷ್ಯವೆಂದು ಒಪ್ಪುವ ಕಾಯ್ದೆಯದು. 1995ರಲ್ಲಿ ಟಾಡಾ ಅವಧಿ ಮುಗಿಯಿತು, ಆದರೆ ಇವರ ಬಂಧನ ಮುಗಿಯಲಿಲ್ಲ. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟಾಗ ಅವರಲ್ಲಿ ಬಹುಪಾಲು ಜನ ಖುಲಾಸೆಯಾದರು. ಕಾರ್ಯಪಡೆಯ ಶಿಬಿರಗಳಲ್ಲಿ ಚಿತ್ರಹಿಂಸೆ ನಡೆಯಿತೆಂಬ ಮಾತು ಹೊರಬಂದದ್ದು, ಎರಡೂ ರಾಜ್ಯಗಳ ಮಾನವ ಹಕ್ಕು ಸಂಘಟನೆಗಳವರು ಹಳ್ಳಿಗಳಿಗೆ ಹೋಗಿ ಒಬ್ಬೊಬ್ಬರ ಹೇಳಿಕೆಯನ್ನೂ ಬರೆದುಕೊಂಡಿದ್ದರಿಂದ. ಆ ದೂರುಗಳ ಮೇಲೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಮತ್ತು ಸಿಬಿಐ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಅವರ ಸಮಿತಿ ರಚಿಸಿತು. 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಲು ಆಯೋಗ ಶಿಫಾರಸು ಮಾಡಿತು. ಘಟನೆಗಳು ನಡೆದು ಅಷ್ಟರಲ್ಲಿ ಹದಿನಾಲ್ಕು ವರ್ಷ ಸಮೀಪಿಸಿತ್ತು. ಆ ಶಿಬಿರಗಳಿಗೆ ಮೊದಲ ತಿಂಗಳಲ್ಲೇ ಯಾರಾದರೂ ಹೋಗಲು ಸಾಧ್ಯವಾಗಿದ್ದರೆ ಎಂದು ಯೋಚಿಸದಿರಲು ನನಗಂತೂ ಆಗುವುದಿಲ್ಲ.

ಇಲ್ಲಿ ಓದುಗರಿಗೆ ನ್ಯಾಯವಾದ ಒಂದು ಸಂದೇಹ ಬರಬಹುದು. ಆರೋಪಿಗಳ ಹಕ್ಕಿಗೆ ಇಷ್ಟು ಮಂದಿ ನಿಂತರೆ ಅನ್ಯಾಯಕ್ಕೊಳಗಾದವರ ಕಡೆ ಯಾರು? ಕೊಲೆಯಾದವನ ತಾಯಿಗೆ ಈ ಮಾತು ಕೇಳುವ ಪೂರ್ಣ ಹಕ್ಕಿದೆ. ಅದಕ್ಕೆ ಉತ್ತರವೂ ವಿಚಾರಣೆಯ ಸ್ವರೂಪದಲ್ಲೇ ಇದೆ. ಹೊಡೆದು ಬರೆಸಿಕೊಂಡ ಹೇಳಿಕೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಕಾರಣ ಬರೆದು ಕೊಡದೆ ಮಾಡಿದ ಬಂಧನವನ್ನು ಅಸಿಂಧುವೆಂದು ಘೋಷಿಸಿ ಆರೋಪಿಯನ್ನು ಬಿಟ್ಟ ತೀರ್ಪುಗಳು ಈಚಿನ ವರ್ಷಗಳಲ್ಲೇ ಬಂದಿವೆ. ತಪ್ಪು ಮನುಷ್ಯನನ್ನು ಹತ್ತು ವರ್ಷ ಕೂಡಿಹಾಕಿ ಕೊನೆಗೆ ಬಿಟ್ಟರೆ ನಿಜವಾದ ಅಪರಾಧಿಯ ಜಾಡು ಅಷ್ಟರಲ್ಲಿ ಅಳಿಸಿಹೋಗಿರುತ್ತದೆ. ಆ ತಾಯಿಗೆ ಮೇಲ್ಮನವಿಯಲ್ಲೂ ಉಳಿಯುವ ತೀರ್ಪು ಬೇಕೆಂದರೆ ಮೊದಲ ದಿನದ ಕಾಗದಗಳು ನೆಟ್ಟಗಿರಬೇಕು.

ಹೊರಗಿನ ಪರಿಶೀಲನೆಗೂ ಮಿತಿಗಳಿವೆ. ಭೇಟಿಗೆ ಬಂದವರ ಮುಂದೆ ದೂರು ಹೇಳಿದ ಕೈದಿ ಅವರು ಹೋದ ಮೇಲೆ ಅದೇ ವಾರ್ಡರನ ಕೈಕೆಳಗೆ ಇರಬೇಕು. ಹಾಗಾಗಿ ಪಳಗಿದವರು ಒಬ್ಬನನ್ನೇ ಪಕ್ಕಕ್ಕೆ ಕರೆಯದೆ ಬ್ಯಾರಕ್ಕಿನ ಹಲವರ ಜೊತೆ ಮಾತಾಡುತ್ತಾರೆ, ವರದಿಯಲ್ಲಿ ಯಾರು ಹೇಳಿದರೆಂದು ಬರೆಯುವುದಿಲ್ಲ, ಕೆಲವು ದಿನಗಳಲ್ಲಿ ಮತ್ತೆ ಹೋಗಿ ನೋಡುತ್ತಾರೆ. ಮತ್ತೆ ಹೋಗಲು ಬಿಡದಿದ್ದರೆ ಮೊದಲ ಭೇಟಿಯಿಂದ ಕೈದಿಗೆ ಕೇಡೇ ಹೆಚ್ಚು.

ಆದರೂ ಇದರಿಂದ ಏನು ಸಾಧ್ಯ ಎಂಬುದನ್ನು 2024ರ ಅಕ್ಟೋಬರ್ 3ರ ತೀರ್ಪೊಂದು ತೋರಿಸಿತು. ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುತ್ತಾರೆ, ಕಸಗುಡಿಸುವುದು ಒಂದು ಜಾತಿಗೆ, ಅಡುಗೆ ಇನ್ನೊಂದಕ್ಕೆ ಎಂದು ಪತ್ರಕರ್ತೆ ಸುಕನ್ಯಾ ಶಾಂತಾ ಹಲವು ರಾಜ್ಯಗಳ ಜೈಲು ಕೈಪಿಡಿಗಳನ್ನೇ ಮುಂದಿಟ್ಟು ಬರೆದರು, ಬಳಿಕ ಸುಪ್ರೀಂ ಕೋರ್ಟಿಗೂ ಹೋದರು. ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠ ಆ ನಿಯಮಗಳನ್ನು ರದ್ದುಪಡಿಸಿ, ಕೈದಿಗಳ ರಿಜಿಸ್ಟರಿನಿಂದ ಜಾತಿಯ ಅಂಕಣ ತೆಗೆಯಲು ಹೇಳಿತು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳೂ ಸಂದರ್ಶಕರ ಮಂಡಳಿಗಳೂ ಜೊತೆಗೂಡಿ ನಿಯಮಿತವಾಗಿ ತಪಾಸಣೆ ನಡೆಸಬೇಕೆಂದೂ ಆದೇಶಿಸಿತು. ಎಲ್ಲರೆದುರೂ ಅಚ್ಚಾಗಿದ್ದ ಕೈಪಿಡಿಗಳವು. ಹೊರಗಿನ ಒಬ್ಬರು ಕೂತು ಓದುವ ತನಕ ಹಾಗೆಯೇ ಇದ್ದವು.

ಹೊಸ ಕಾನೂನು ಬೇಕೆಂದು ನಾನು ಕೇಳುತ್ತಿಲ್ಲ. ಕರ್ನಾಟಕದ ಪ್ರತಿ ಜೈಲಿಗೂ ಅಧಿಕಾರೇತರ ಸಂದರ್ಶಕರನ್ನು ಸರ್ಕಾರ ನೇಮಿಸಲಿ, ಅದರಲ್ಲಿ ಪಕ್ಷದ ಕಾರ್ಯಕರ್ತರ ಬದಲು ವೈದ್ಯರು, ಶಿಕ್ಷಕಿಯರು, ದಲಿತ ಸಂಘಟನೆಗಳಲ್ಲಿ ದುಡಿದವರು ಇರಲಿ. ಅವರು ಹೇಳದೆ ಕೇಳದೆ ಹೋಗುವಂತಿರಲಿ. ಅವರ ವರದಿ, ಅದಕ್ಕೆ ಸೂಪರಿಂಟೆಂಡೆಂಟರು ಒಂದು ತಿಂಗಳೊಳಗೆ ಕೊಟ್ಟ ಉತ್ತರ, ಕೈದಿಗಳ ಹೆಸರು ತೆಗೆದು ಇಲಾಖೆಯ ಜಾಲತಾಣದಲ್ಲಿ ಕನ್ನಡದಲ್ಲೇ ಪ್ರಕಟವಾಗಲಿ. 479ನೇ ಕಲಂ ಪ್ರಕಾರ ಅರ್ಹರಾದವರೆಷ್ಟು, ಅರ್ಜಿ ಹೋದದ್ದೆಷ್ಟು, ಹೊರಬಂದವರೆಷ್ಟು ಎಂಬ ಮೂರು ಅಂಕಿಗಳನ್ನು ಪ್ರತಿ ಜೈಲೂ ತಿಂಗಳಿಗೊಮ್ಮೆ ಫಲಕದಲ್ಲಿ ಬರೆದು ಹಾಕಲಿ. ಕಾನೂನು ಕಾಲೇಜಿನ ವಿದ್ಯಾರ್ಥಿಗಳನ್ನು ಅಣಕು ನ್ಯಾಯಾಲಯದ ಸ್ಪರ್ಧೆಗೆ ಸಜ್ಜುಗೊಳಿಸುವಷ್ಟೇ ಶ್ರದ್ಧೆಯಿಂದ, ವಾರಕ್ಕೊಂದು ದಿನ ಹತ್ತಿರದ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ನೋಟ್‌ಬುಕ್ ಹಿಡಿದು ಕೂರಲು ಕಳುಹಿಸಬಹುದು. ಅದಕ್ಕೆ ಯಾರ ಅನುಮತಿಯೂ ಬೇಡ. ಈ ವರ್ಷವೇ ಶುರುಮಾಡಬಹುದು.